ಶೆಡ್ಯೂಲ್ ಮಾಡಿಟ್ಟ ಬ್ಲಾಗ್ ಪೋಸ್ಟ್‌ಗಳಿಂದ ಒಂದು ಕಥೆ ಕಟ್ಟೋದು ಹೇಗೆ

ಬ್ಲಾಗ್ ಬರೆಯೋರಿಗೆಲ್ಲ ಈ ಸೌಲಭ್ಯ ಗೊತ್ತಿರತ್ತೆ, ಇವತ್ತು ಪೋಸ್ಟ್ ಬರೆದು ಮುಂದಿನ ತಿಂಗಳ ಯಾವುದೋ ಒಂದು ದಿನಾಂಕ, ಯಾವುದೋ ಒಂದು ಟೈಮ್ ಕೊಟ್ಟು ಬಿಟ್ರೆ ಸಾಕು, ಆ ಹೊತ್ತಿಗೆ ಅದು ತಾನಾಗೇ ಪಬ್ಲಿಶ್ ಆಗತ್ತೆ. ರಜಕ್ಕೆ ಹೋಗೋ ಮುಂಚೆ ನಾಲ್ಕು ಪೋಸ್ಟ್ ಹಾಕಿಟ್ಟು ಹೋಗೋಕೆ ಅಂತ ಎಲ್ರೂ ಬಳಸ್ತಾರೆ, ಅದರಲ್ಲೇನಿದೆ ಅನ್ಸಬಹುದು, ಆದ್ರೆ ಕಥೆ ಬರೆಯೋರ ಕಣ್ಣಿಂದ ನೋಡಿ, ಬರೆದವರು ಒಂದು ದಿನದಲ್ಲಿದಾರೆ, ಓದೋರು ಇನ್ನೊಂದು ದಿನದಲ್ಲಿದಾರೆ, ನಡುವೆ ಏನೇನಾಗಿದೆಯೋ ಆ ಪೋಸ್ಟ್‌ಗೆ ಒಂಚೂರೂ ಗೊತ್ತಿಲ್ಲ. ಬರೆದವರಿಗೆ ಗೊತ್ತಿಲ್ಲದ್ದು ಓದೋರಿಗೆ ಗೊತ್ತು. ನನ್ನ ಪ್ರಕಾರ ಇಡೀ ಕಥೆ ಇರೋದು ಈ ಒಂದು ಅಂತರದಲ್ಲೇ, ಇದನ್ನ ಬಿಟ್ಟು ಬೇರೆ ಏನನ್ನ ಹಿಡ್ಕೊಂಡು ಹೋದ್ರೂ ಕಥೆ ಸಪ್ಪೆ ಆಗತ್ತೆ. ಇಂಥ ಒಂದು ಕಥೆಯನ್ನ ಶುರುವಿಂದ ಹೇಗೆ ಕಟ್ಬೇಕು, ಎಲ್ಲೆಲ್ಲಿ ಹುಷಾರಾಗಿರ್ಬೇಕು ಅನ್ನೋದನ್ನ ಒಂದು ಉದಾಹರಣೆ ಇಟ್ಕೊಂಡು ಹೇಳ್ತೀನಿ.

ಮೊದಲು ಮೆಷಿನ್ ಹೇಗೆ ಕೆಲಸ ಮಾಡತ್ತೆ ನೋಡ್ಕೊಳ್ಳಿ

ಕಥೆಗೆ ಕೂರೋ ಮುಂಚೆ ಒಂದು ಫ್ರೀ ಬ್ಲಾಗ್ ತೆಗೆದು ನೀವೇ ಒಂದು ಪೋಸ್ಟ್ ಶೆಡ್ಯೂಲ್ ಮಾಡಿ ನೋಡಿ. ಎರಡು ಸಾಲು ಬರೆದ್ರೂ ಸಾಕು. ಯಾಕಂದ್ರೆ ಇದರ ಒಳಗಿನ ಕೆಲವು ವಿಷಯಗಳು ನೀವು ಕೂತು ಯೋಚಿಸಿದ್ರೂ ಹೊಳೆಯಲ್ಲ, ಅವೇ ಕಥೆಗೆ ಪ್ಲಾಟ್ ಕೊಡತ್ವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಏನಂದ್ರೆ, ಶೆಡ್ಯೂಲ್ ಆದ ಪೋಸ್ಟ್ ಹೊರಗೆ ಬಂದಾಗ ಅದರ ಮೇಲೆ ಕಾಣಿಸೋದು ಪಬ್ಲಿಶ್ ಆದ ದಿನಾಂಕ, ಬರೆದ ದಿನಾಂಕ ಅಲ್ಲ. ಎರಡು ವರ್ಷದ ಹಿಂದೆ ಬರೆದಿಟ್ಟಿದ್ರೂ ಓದೋರಿಗೆ ಅದು ಇವತ್ತು ಬೆಳಿಗ್ಗೆ ಬರೆದ ಹಾಗೇ ಕಾಣತ್ತೆ. ಅಂದ್ರೆ ತಪ್ಪು ತಿಳ್ಕೊಳ್ಳೋಕೆ ಮೆಷಿನ್ನೇ ಜಾಗ ಮಾಡಿಕೊಡ್ತಿದೆ, ಯಾರೂ ಸುಳ್ಳು ಹೇಳ್ಬೇಕಾಗಿಲ್ಲ. ಕಥೆಗೆ ಇದಕ್ಕಿಂತ ಒಳ್ಳೆ ಬಂಡವಾಳ ಬೇಕಾ?

ಇನ್ನೊಂದು, ವರ್ಡ್‌ಪ್ರೆಸ್ ಅನ್ನೋ ಬ್ಲಾಗ್ ಸಾಫ್ಟ್‌ವೇರ್ ಅನ್ನ ಸ್ವಂತ ಸರ್ವರ್‌ನಲ್ಲಿ ಇಟ್ಕೊಂಡಿರೋರಿಗೆ ಇದು ಗೊತ್ತಿರತ್ತೆ, ಅಲ್ಲಿ ಮಾಮೂಲಿ ಸೆಟ್ಟಿಂಗ್‌ನಲ್ಲಿ ಶೆಡ್ಯೂಲ್ ಕೆಲಸ ನಡೆಯೋಕೆ ಯಾರಾದ್ರೂ ಸೈಟ್‌ಗೆ ಬರ್ಬೇಕು. ಟೈಮ್ ಆದ ಕೂಡಲೇ ಅದಾಗೇ ಎದ್ದು ಪಬ್ಲಿಶ್ ಮಾಡೋ ಗಡಿಯಾರ ಒಳಗೆ ಇರಲ್ಲ, ಯಾರೋ ಪೇಜ್ ತೆಗೆದಾಗ ಸಾಫ್ಟ್‌ವೇರ್ ಒಮ್ಮೆ ಪಟ್ಟಿ ನೋಡತ್ತೆ, ಟೈಮ್ ದಾಟಿದ ಪೋಸ್ಟ್ ಇದ್ರೆ ಆಗ ಹೊರಗೆ ಬಿಡತ್ತೆ. ಯಾರೂ ಬರದಿದ್ರೆ ಪೋಸ್ಟ್ ಅಲ್ಲೇ ಕೂತಿರತ್ತೆ. ನಿಜ ಜೀವನದಲ್ಲಿ ಸರ್ಚ್ ಎಂಜಿನ್‌ಗಳ ಬಾಟ್‌ಗಳು, ಅಂದ್ರೆ ಸೈಟ್‌ಗಳನ್ನ ತಾವಾಗೇ ತೆಗೆದು ನೋಡೋ ಪ್ರೋಗ್ರಾಮ್‌ಗಳು, ಬಂದು ಹೋಗ್ತಾ ಇರತ್ವೆ, ಹಾಗಾಗಿ ತುಂಬ ದಿನ ಹೀಗೆ ನಿಲ್ಲೋದು ಅಪರೂಪ, ಆದ್ರೆ ಎಲ್ಲರೂ ಮರೆತ ಒಂದು ಸಣ್ಣ ಬ್ಲಾಗ್‌ನಲ್ಲಿ ನಿಲ್ಲಬಹುದು. ಇದನ್ನ ಕಥೆಗೆ ತನ್ನಿ, ಒಬ್ಬಳು ತಿಂಗಳುಗಟ್ಟಲೆ ಆದ್ಮೇಲೆ ಸುಮ್ನೆ ಒಂದ್ಸಲ ಹಳೇ ಬ್ಲಾಗ್ ತೆಗೀತಾಳೆ, ಹೊಸದೇನೂ ಇಲ್ಲ, ಮುಚ್ಚೋ ಮುಂಚೆ ರಿಫ್ರೆಶ್ ಮಾಡ್ತಾಳೆ, ಮೇಲ್ಗಡೆ ಹೊಸ ಪೋಸ್ಟ್. ಅವಳು ಬಂದಿದ್ದಕ್ಕೇ ಅದು ಹೊರಗೆ ಬಂತು, ಆದ್ರೆ ಅವಳಿಗೆ ಅದು ಗೊತ್ತಿಲ್ಲ.

ಮೂರನೇದು ಪತ್ತೇದಾರಿ ಕೆಲಸಕ್ಕೆ ಬರೋದು. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಪೋಸ್ಟ್‌ಗೂ ಒಂದು ನಂಬರ್ ಇರತ್ತೆ, ಅದು ಪೋಸ್ಟ್ ಹುಟ್ಟಿದಾಗಲೇ ಸಿಗತ್ತೆ, ಪಬ್ಲಿಶ್ ಆದಾಗ ಅಲ್ಲ. ನಂಬರ್‌ಗಳು ಏರ್ತಾ ಹೋಗತ್ವೆ. ಹಾಗಾಗಿ ಹೋದ ತಿಂಗಳ ಪೋಸ್ಟ್ ನಂಬರ್ 630 ಇದ್ದು ಇವತ್ತಿನ ಪೋಸ್ಟ್ ನಂಬರ್ 412 ಇದ್ರೆ, ಇವತ್ತಿನದು ಬಹಳ ಹಿಂದೆ ಬರೆದಿಟ್ಟದ್ದು ಅಂತ ಗೊತ್ತಾಗ್ಬಿಡತ್ತೆ. ನಿಮ್ಮ ಪಾತ್ರಕ್ಕೆ ನಿಜ ಗೊತ್ತಾಗೋ ಗಳಿಗೆಗೆ ಬೇರೆಯವರು ಬಂದು ವಿವರಿಸಿ ಹೇಳೋ ಸೀನ್ ಬೇಕಾಗಿಲ್ಲ, ಲಿಂಕ್‌ನಲ್ಲಿರೋ ಒಂದು ನಂಬರ್ ಸಾಕು. ಹಾಗೇ ಪೋಸ್ಟ್ ಜೊತೆ ಹಾಕಿದ ಫೋಟೋ ಫೈಲ್ ಒಳಗೆ ಅದನ್ನ ತೆಗೆದ ದಿನ ಉಳಿದಿರೋ ಸಾಧ್ಯತೆ ಇದೆ, ಅದೂ ಉಪಯೋಗಕ್ಕೆ ಬರತ್ತೆ.

ಯಾರು ಬರೀತಾರೆ, ಯಾಕೆ ಮುಂಚೆನೇ ಬರೀತಾರೆ

ಈ ಐಡಿಯಾ ಕೇಳಿದ ತಕ್ಷಣ ಎಲ್ರಿಗೂ ಹೊಳೆಯೋದು ಒಂದೇ, ಸಾಯೋ ಮನುಷ್ಯ ಬರೆದಿಟ್ಟ ಪೋಸ್ಟ್‌ಗಳು, ಸತ್ತ ಮೇಲೆ ಒಂದೊಂದಾಗಿ ಬರ್ತಾ ಹೋಗೋದು. ನಿಜ ಜೀವನದಲ್ಲೂ ಇದಕ್ಕೆ ಹತ್ತಿರದ್ದು ನಡೆದಿದೆ, 2011ರಲ್ಲಿ ಕೆನಡಾದ ಒಬ್ಬ ಬ್ಲಾಗರ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ, ಅವರು ಮುಂಚೆನೇ ಬರೆದಿಟ್ಟಿದ್ದ ಕೊನೆಯ ಪೋಸ್ಟನ್ನ ಮನೆಯವರು ಮತ್ತು ಸ್ನೇಹಿತರು ಹಾಕಿದ್ರು, ಅದನ್ನ ಜಗತ್ತಿನಾದ್ಯಂತ ಜನ ಓದಿದ್ರು. ಓದಿದ್ರೆ ಎದೆ ಹಿಂಡತ್ತೆ. ಆದ್ರೆ ನಿಮ್ಮ ಕಥೆಗೆ ಸಾವನ್ನ ತರೋ ಮುಂಚೆ ಒಂದ್ಸಲ ಯೋಚಿಸಿ. ತಾನು ಸಾಯ್ತೀನಿ ಅಂತ ಗೊತ್ತಿರೋ ವ್ಯಕ್ತಿ ನಡುವಿನ ಅಂತರವನ್ನ ಲೆಕ್ಕ ಹಾಕಿಯೇ ಬರೀತಾರೆ, ನೀವು ಇದನ್ನ ಓದೋ ಹೊತ್ತಿಗೆ ನಾನಿರಲ್ಲ ಅಂತ ಹೇಳ್ತಾರೆ, ಅಲ್ಲಿಗೆ ಆ ಅಂತರ ಮುಚ್ಚಿಹೋಯ್ತು. ಬರೆದವರಿಗೂ ಗೊತ್ತು, ಓದೋರಿಗೂ ಗೊತ್ತು. ಕಥೆಗೆ ಉಳಿಯೋದು ಬರೀ ದುಃಖ.

ಇದಕ್ಕಿಂತ ಗಟ್ಟಿ ಅಂದ್ರೆ ಬರೆದವರು ಬದುಕೇ ಇದಾರೆ, ಆದ್ರೆ ಬರೆದಾಗಿನ ಮನುಷ್ಯರಾಗಿ ಉಳಿದಿಲ್ಲ. ಅಭಿಪ್ರಾಯ ಬದಲಾಗಿದೆ. ಅಥವಾ ಮರೆವು ಬಂದಿದೆ. ಅಥವಾ ಪಾಸ್‌ವರ್ಡ್ ಇರೋ ಇಮೇಲ್ ಅಕೌಂಟೇ ಕಳೆದುಹೋಗಿದೆ, ತಾನೇ ಬರೆದದ್ದು ತಾನೇ ತಡೆಯೋಕಾಗದೆ ಒಂದೊಂದಾಗಿ ಹೊರಗೆ ಬರೋದನ್ನ ಕೂತು ನೋಡ್ಬೇಕು. ಅಥವಾ ಇಬ್ರು ಸೇರಿ ನಡೆಸ್ತಿದ್ದ ಬ್ಲಾಗ್, ಈಗ ಇಬ್ರಿಗೂ ಮಾತಿಲ್ಲ. ನಾನು ಈ ಕೊನೇದನ್ನ ಹಿಡ್ಕೊಂಡು ಮುಂದೆ ಹೋಗ್ತೀನಿ.

ಮುಂಚೆನೇ ಬರೆದಿಡೋಕೆ ಕಾರಣ ಇರ್ಲೇಬೇಕು, ಅದೂ ಸಾಮಾನ್ಯ ಕಾರಣ. ಯಾರೂ ಎರಡು ಮೂರು ವರ್ಷ ಮುಂದಿನ ಪೋಸ್ಟ್ ಸುಮ್‌ಸುಮ್ನೆ ಬರೆದಿಡಲ್ಲ. ಮುಂದೆ ಏನಾಗತ್ತೆ ಅಂತ ಖಚಿತವಾಗಿ ಗೊತ್ತಿರೋ ವಿಷಯ ಯಾವುದು ಅಂತ ಕೇಳ್ಕೊಳ್ಳಿ. ನನಗೆ ಹೊಳೆದದ್ದು ಆಕಾಶ. ಆಕಾಶ ನೋಡೋ ಹವ್ಯಾಸ ಇರೋರಿಗೆ ಮುಂದಿನ ಹತ್ತಾರು ವರ್ಷಗಳ ದಿನಾಂಕಗಳು ಗೊತ್ತಿರತ್ವೆ. 2026ರ ಆಗಸ್ಟ್ 12ಕ್ಕೆ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ಕಡೆ ಪೂರ್ಣ ಸೂರ್ಯಗ್ರಹಣ. 2027ರ ಆಗಸ್ಟ್ 2ಕ್ಕೆ ಇನ್ನೊಂದು ಪೂರ್ಣ ಗ್ರಹಣ, ಈಜಿಪ್ಟಿನ ಲಕ್ಸರ್ ಹತ್ರ ಆರು ನಿಮಿಷಕ್ಕಿಂತ ಜಾಸ್ತಿ ಕತ್ತಲಿರತ್ತೆ. 2028ರ ಡಿಸೆಂಬರ್ 31ಕ್ಕೆ ಪೂರ್ಣ ಚಂದ್ರಗ್ರಹಣ, ವರ್ಷದ ಕೊನೇ ದಿನ. 2029ರ ಏಪ್ರಿಲ್ 13, ಶುಕ್ರವಾರ, ಅಪೋಫಿಸ್ ಅನ್ನೋ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗತ್ತೆ, ಟಿವಿ ಸಿಗ್ನಲ್ ಕಳ್ಸೋ ಎಷ್ಟೋ ಉಪಗ್ರಹಗಳು ಇದಕ್ಕಿಂತ ದೂರದಲ್ಲಿದಾವೆ. ಹ್ಯಾಲಿ ಧೂಮಕೇತು 2061ರ ಜುಲೈ ಕೊನೆಗೆ ಸೂರ್ಯನ ಹತ್ರ ಬರತ್ತೆ. ಇವು ಯಾವುವೂ ತಪ್ಪಲ್ಲ. ನೆರಳು ಯಾವ ನಿಮಿಷಕ್ಕೆ ಯಾವ ಊರಿನ ಮೇಲೆ ಬೀಳತ್ತೆ ಅಂತ ಈಗಲೇ ಬರೆದಿಡಬಹುದು, ಪಕ್ಕದಲ್ಲಿ ಯಾರು ಕೂತಿರ್ತಾರೆ ಅನ್ನೋದನ್ನ ಬರೆದಿಡೋಕಾಗಲ್ಲ. ಕಥೆಗೆ ಬೇಕಾದ ಸೆಳೆತ ಈ ಎರಡರ ನಡುವೆ ತಾನಾಗೇ ಹುಟ್ಟತ್ತೆ. ನಿಮಗೆ ಆಕಾಶ ಬೇಡ ಅಂದ್ರೆ ಚುನಾವಣೆ, ಪರೀಕ್ಷೆ, ಸಾಲದ ಕೊನೇ ಕಂತು, ಮಗುವಿನ ಪ್ರತಿ ಹುಟ್ಟುಹಬ್ಬ, ಏನಾದ್ರೂ ತಗೊಳ್ಳಿ, ದಿನಾಂಕ ಗಟ್ಟಿಯಾಗಿರ್ಬೇಕು ಅಷ್ಟೇ.

ಉದಾಹರಣೆ ಕಥೆ ಮತ್ತು ಎರಡು ಕ್ಯಾಲೆಂಡರ್

ಇಬ್ರು ಗೆಳತಿಯರು, ಒಬ್ಬಳು ಬರೆಯೋಳು, ಇನ್ನೊಬ್ಬಳು ಫೋಟೋ ತೆಗೆಯೋಳು. ಆಕಾಶದ ಬಗ್ಗೆ ಸೇರಿ ಬ್ಲಾಗ್ ನಡೆಸ್ತಾರೆ. ಬರೆಯೋಳು ಒಂದು ವಾರ ಬಿಡುವು ಸಿಕ್ಕಾಗ ಮುಂದಿನ ನಾಲ್ಕು ದೊಡ್ಡ ಘಟನೆಗಳಿಗೆ ಪೋಸ್ಟ್ ಬರೆದು ಶೆಡ್ಯೂಲ್ ಮಾಡಿಡ್ತಾಳೆ. ಆಮೇಲೆ ಇಬ್ರಿಗೂ ಜಗಳ ಆಗತ್ತೆ, ಬ್ಲಾಗ್ ನಿಂತುಹೋಗತ್ತೆ, ಮಾತು ನಿಂತುಹೋಗತ್ತೆ. ಶೆಡ್ಯೂಲ್ ನಿಲ್ಲಲ್ಲ.

ಇಲ್ಲಿಂದ ಮುಂದೆ ಪೇಪರ್ ತಗೊಳ್ಳಿ. ಎಡಕ್ಕೆ ಒಂದು ಕ್ಯಾಲೆಂಡರ್, ಪೋಸ್ಟ್ ಬರೆದ ದಿನಗಳು. ಬಲಕ್ಕೆ ಇನ್ನೊಂದು, ಪೋಸ್ಟ್ ಹೊರಗೆ ಬಂದ ದಿನಗಳು. ನಡುವೆ ಜೀವನದಲ್ಲಿ ಆದದ್ದು, ಜಗಳ ಯಾವಾಗ, ಯಾರಿಗೆ ಕೆಲಸ ಹೋಯ್ತು, ಯಾರು ಊರು ಬಿಟ್ರು, ಯಾರ ಅಮ್ಮ ಹುಷಾರು ತಪ್ಪಿದ್ರು. ಪ್ರತಿ ಪೋಸ್ಟ್ ಎದುರಿಗೆ ಎರಡೇ ಪ್ರಶ್ನೆ ಬರ್ಕೊಳ್ಳಿ, ಬರೆಯುವಾಗ ಅವಳಿಗೆ ಏನು ಗೊತ್ತಿತ್ತು, ಓದುವಾಗ ಇವಳಿಗೆ ಏನು ಗೊತ್ತು. ಎರಡೂ ಉತ್ತರ ಒಂದೇ ಆಗಿದ್ರೆ ಆ ಪೋಸ್ಟ್ ಕಥೆಗೆ ಬೇಡ, ಎಷ್ಟು ಚೆನ್ನಾಗಿ ಬರೆದಿದ್ರೂ ತೆಗೆದುಹಾಕಿ.

ಓದಿದ ದಿನ ಅನ್ನೋದೂ ಬೇರೆನೇ ಒಂದು ದಿನ ಅನ್ನೋದನ್ನ ಮರೀಬೇಡಿ. ಆಗಸ್ಟ್‌ನಲ್ಲಿ ಹೊರಗೆ ಬಂದದ್ದನ್ನ ಅವಳು ನವೆಂಬರ್‌ನಲ್ಲಿ ನೋಡಬಹುದು, ಅಷ್ಟೊತ್ತಿಗೆ ಉತ್ತರ ಕೊಡೋ ಟೈಮ್ ದಾಟಿಹೋಗಿರತ್ತೆ. ಎಲ್ಲ ಪೋಸ್ಟ್‌ಗೂ ಹೀಗೆ ಮಾಡಿದ್ರೆ ಓದುಗರಿಗೆ ತಲೆ ತಿರುಗತ್ತೆ, ಒಂದಕ್ಕೆ ಮಾತ್ರ ಸಾಕು.

ಪೋಸ್ಟ್‌ಗಳನ್ನೆಲ್ಲ ಮೊದಲೇ ಬರೆದು ಮುಗಿಸಿ

ನಾನು ಇಲ್ಲಿ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಕಥೆ ಕೆಡೋದು ಹೆಚ್ಚಾಗಿ ಇಲ್ಲೇ. ನಾವು ಕಥೆ ಬರೆಯೋರಿಗೆ ಮುಂದೆ ಜಗಳ ಆಗತ್ತೆ ಅಂತ ಗೊತ್ತು, ಆ ಗೊತ್ತಿರೋದು ಪೋಸ್ಟ್ ಒಳಗೆ ಸೋರಿಬಿಡತ್ತೆ. ಸೋರಿದ ಪೋಸ್ಟ್ ಹೀಗಿರತ್ತೆ ನೋಡಿ:

"ಇವತ್ತು ಸೂರ್ಯ ಮರೆಯಾಗ್ತಾನೆ. ಎಲ್ಲವೂ ಒಂದು ದಿನ ಮರೆಯಾಗೋದೇ ಅಲ್ವಾ. ನಾವು ಎಲ್ಲೇ ಇದ್ರೂ, ಹೇಗೇ ಇದ್ರೂ, ಈ ಆಕಾಶ ನಮ್ಮಿಬ್ಬರಿಗೂ ಒಂದೇ ಅನ್ನೋದು ನೆನಪಿರಲಿ."

ಕೇಳೋಕೆ ಚೆನ್ನಾಗಿದೆ, ಆದ್ರೆ ಜಗಳದ ವಾಸನೆ ಆಗಲೇ ಬಂದಿದೆ. ಇದನ್ನ ಬರೆದವಳಿಗೆ ಮುಂದಿನದ್ದು ಗೊತ್ತಿರೋ ಹಾಗಿದೆ. ಈಗ ಇದನ್ನ ನೋಡಿ:

"ಇವತ್ತು ಗ್ರಹಣ! ನಾವಿಬ್ರೂ ಈ ಹೊತ್ತಿಗೆ ಬಯಲಲ್ಲಿ ಕೂತಿರ್ತೀವಿ, ಫೋನ್ ಎತ್ತಲ್ಲ, ಬೈಕೋಬೇಡಿ. ಟ್ರೈಪಾಡ್ ಅವಳ ಹತ್ರಾನೇ ಇದೆ, ಹೋದ್ಸಲದ ಹಾಗೆ ಅದರ ಸ್ಕ್ರೂ ಮನೇಲಿ ಬಿಟ್ಟು ಬರದಿದ್ರೆ ಸಾಕು. ಮೋಡ ಬಂದ್ರೆ ನಾನು ಅಳ್ತೀನಿ, ಅವಳು ನಗ್ತಾಳೆ. ಸಂಜೆ ಫೋಟೋ ಹಾಕ್ತೀವಿ, ಕಾಯ್ತಿರಿ."

ಇದರಲ್ಲಿ ಒಂದು ದೊಡ್ಡ ಮಾತೂ ಇಲ್ಲ. ಸ್ಕ್ರೂ, ಮೋಡ, ಫೋನ್ ಎತ್ತಲ್ಲ ಅನ್ನೋದು, ಅಷ್ಟೇ. ಆದ್ರೆ ಈಗ ಇದನ್ನ ಜಗಳ ಆಗಿ ವರ್ಷ ಆದ್ಮೇಲೆ ಆ ಇನ್ನೊಬ್ಬಳ ಕಣ್ಣಿಂದ ಓದಿ. ಅವಳಿಗೆ ಇದು ಮುಂಚೆ ಬರೆದದ್ದು ಅಂತ ಗೊತ್ತಿಲ್ಲ, ದಿನಾಂಕ ಇವತ್ತಿನದೇ ಇದೆ. ಜಗಳ ಆದ ದಿನ ಟ್ರೈಪಾಡ್ ನಿಜವಾಗ್ಲೂ ಅವಳ ಮನೇಲೇ ಉಳಿದಿತ್ತು, ಅವಳು ವಾಪಸ್ ಕೊಟ್ಟಿಲ್ಲ. "ಟ್ರೈಪಾಡ್ ಅವಳ ಹತ್ರಾನೇ ಇದೆ" ಅನ್ನೋ ಸಾಲು ಪ್ರೀತಿಯಿಂದ ಬರೆದದ್ದು, ಅವಳಿಗೆ ಕೇಳಿಸೋದು ಎಲ್ಲರೆದುರು ಮಾಡಿದ ಆರೋಪದ ಹಾಗೆ. ಮೊದಲನೇ ಸಾಲಲ್ಲಿರೋ ನಾವಿಬ್ರೂ ಅನ್ನೋದು ಯಾರು ಹಾಗಾದ್ರೆ? ತನ್ನ ಜಾಗಕ್ಕೆ ಇನ್ಯಾರೋ ಬಂದಿದಾರಾ? ಒಂದೇ ಸಾಲು, ಎರಡು ದಿನಾಂಕ, ಎರಡು ಅರ್ಥ. ಆಮೇಲೆ ಸಂಜೆ ಫೋಟೋ ಬರಲ್ಲ. ಕಾಯ್ತಿರಿ ಅಂದವರು ಏನೂ ಹಾಕಲ್ಲ. ಆ ಬರದ ಫೋಟೋದಿಂದ ಅವಳಿಗೆ ಅನುಮಾನ ಶುರುವಾಗತ್ತೆ.

ಹಾಗಾಗಿ ಕ್ರಮ ಹೀಗಿರ್ಲಿ. ಮೊದಲು ಬರೆದವಳ ಆವತ್ತಿನ ಜೀವನ ಏನು ಅಂತ ಮಾತ್ರ ತಿಳ್ಕೊಂಡು ನಾಲ್ಕೂ ಪೋಸ್ಟ್ ಒಂದೇ ಸಲಕ್ಕೆ ಕೂತು ಬರೆದು ಮುಗಿಸಿ, ಅವಳು ಹೇಗೆ ಒಂದೇ ವಾರದಲ್ಲಿ ಬರೆದಳೋ ಹಾಗೇ. ಜಗಳ ಯಾಕಾಯ್ತು ಅನ್ನೋದನ್ನ ಆಗ ನಿರ್ಧಾರ ಮಾಡ್ಬೇಡಿ, ಸಾಧ್ಯ ಆದ್ರೆ ಯೋಚ್ನೆನೂ ಮಾಡ್ಬೇಡಿ. ಅವಳಿಗೆ ಆ ವಾರ ಏನು ಇಷ್ಟ ಇತ್ತು, ಯಾವ ಚಪ್ಪಲಿ ಕಚ್ತಿತ್ತು, ಯಾವ ಜೋಕ್ ಇಬ್ಬರಿಗೂ ಸಾಮಾನ್ಯ, ಅದನ್ನ ಹಾಕಿ. ಮುಗಿದ್ಮೇಲೆ ಪೋಸ್ಟ್‌ಗಳನ್ನ ಮುಟ್ಟಬಾರದು. ಆಮೇಲೆ ಜಗಳ, ಊರು ಬಿಟ್ಟದ್ದು, ಹುಷಾರು ತಪ್ಪಿದ್ದು ಎಲ್ಲ ಜೋಡಿಸಿ, ಯಾವ ಸಾಲು ಈಗ ಚುಚ್ಚತ್ತೆ ಅಂತ ಹುಡುಕಿ. ನೀವು ಬೇಕು ಅಂತ ಇಟ್ಟ ಸಾಲಿಗಿಂತ ನೀವು ಗಮನಿಸದೇ ಬರೆದ ಸಾಲೇ ಜಾಸ್ತಿ ಚುಚ್ಚತ್ತೆ, ಇದು ಪ್ರತಿ ಸಲ ನಿಜ ಆಗೋದನ್ನ ನೋಡಿದೀನಿ. ಪೋಸ್ಟನ್ನ ಘಟನೆಗೆ ತಕ್ಕ ಹಾಗೆ ತಿದ್ದೋಕೆ ಕೈ ತುರಿಸತ್ತೆ, ತಿದ್ದಬೇಡಿ, ಬೇಕಿದ್ರೆ ಘಟನೆಯನ್ನ ಪೋಸ್ಟ್‌ಗೆ ತಕ್ಕ ಹಾಗೆ ಬದಲಾಯಿಸಿ. ಮೇಲಿನ ಉದಾಹರಣೆಯಲ್ಲಿ ಟ್ರೈಪಾಡ್ ಅವಳ ಮನೇಲಿ ಉಳಿದದ್ದು ಹಾಗೇ ಬಂದದ್ದು, ಸಾಲು ಮೊದಲು ಇತ್ತು, ಜಗಳದ ದಿನ ಟ್ರೈಪಾಡ್ ಎಲ್ಲಿತ್ತು ಅನ್ನೋದು ಆಮೇಲೆ.

ಭಾಷೆನೂ ನೋಡ್ಕೊಳ್ಳಿ. ಪೋಸ್ಟ್ ಅಂದ್ರೆ ಪೋಸ್ಟ್ ಥರ ಇರ್ಬೇಕು, ಆತುರದಲ್ಲಿ ಬರೆದದ್ದು, ಗೊತ್ತಿಲ್ಲದ ಓದುಗರನ್ನ ಉದ್ದೇಶಿಸಿ ಮಾತಾಡೋದು, ಒಂದೆರಡು ಆಶ್ಚರ್ಯ ಚಿಹ್ನೆ ಜಾಸ್ತಿ. ನಿರೂಪಣೆ ಬೇರೆ ಥರ ಇರ್ಬೇಕು, ನಿಧಾನವಾಗಿ. ಎರಡೂ ಒಂದೇ ದನಿಯಲ್ಲಿ ಬಂದ್ರೆ ಎರಡು ಕಾಲ ಇದೆ ಅನ್ನೋದೇ ಓದುಗರಿಗೆ ಅನುಭವ ಆಗಲ್ಲ.

ಯಾರ ಕಥೆ ಹೇಳ್ತೀರಿ

ಮೂರು ಜನರಲ್ಲಿ ಒಬ್ಬರನ್ನ ಆರಿಸ್ಕೋಬೇಕು. ಬರೆದವಳ ಕಡೆಯಿಂದ ಹೇಳಿದ್ರೆ ಅದು ತಡೆಯೋ ಕಥೆ, ಮರೆತಿದ್ದ ಶೆಡ್ಯೂಲ್ ನೆನಪಾಗಿ ಡಿಲೀಟ್ ಮಾಡ್ಲಾ ಬಿಡ್ಲಾ ಅಂತ ಕೂರೋದು. ಓದೋಳ ಕಡೆಯಿಂದ ಹೇಳಿದ್ರೆ ಅದು ತಪ್ಪು ಓದೋ ಕಥೆ. ಮೂರನೆಯವರು ಅಂದ್ರೆ ಇಬ್ಬರಿಗೂ ಗೊತ್ತಿರೋ ಯಾರೋ, ಪಾಸ್‌ವರ್ಡ್ ಇರೋರು, ಸೈಟಿನ ಟೆಕ್ನಿಕಲ್ ಕೆಲಸ ನೋಡ್ಕೊಳ್ತಿದ್ದ ತಮ್ಮ ಅಂತಿಟ್ಕೊಳ್ಳಿ, ಅವನಿಗೆ ಬ್ಲಾಗ್ ನಡೆಸೋರಿಗೆ ಮಾತ್ರ ಕಾಣೋ ಡ್ಯಾಶ್‌ಬೋರ್ಡ್‌ನಲ್ಲಿ ಸಾಲಾಗಿ ಕೂತಿರೋ ಪೋಸ್ಟ್‌ಗಳು ಕಾಣತ್ವೆ, ಓದಿದಾನೆ, ಒಂದು ಬಟನ್ ಒತ್ತಿದ್ರೆ ಹೋಗತ್ವೆ, ಒತ್ತಲ್ಲ. ಯಾಕೆ ಒತ್ತಲ್ಲ ಅನ್ನೋದೇ ಅವನ ಕಥೆ. ನನಗೆ ಓದೋಳ ಕಡೆಯಿಂದ ಹೇಳೋದು ಇಷ್ಟ, ಯಾಕಂದ್ರೆ ಕಥೆ ಓದೋರೂ ಅವಳ ಜೊತೆಗೇ ಮೋಸ ಹೋಗ್ತಾರೆ. ಶೆಡ್ಯೂಲ್ ಅನ್ನೋ ಪದವನ್ನ ಕಥೆಯ ಮೊದಲ ಅರ್ಧದಲ್ಲಿ ಎಲ್ಲೂ ತರ್ಬೇಡಿ ಹಾಗಾದ್ರೆ. ಶೀರ್ಷಿಕೆಯಲ್ಲಂತೂ ಬೇಡವೇ ಬೇಡ.

ಒಂದೇ ಕಥೆಯಲ್ಲಿ ಮೂರೂ ಜನರ ಕಡೆ ಓಡಾಡಬಹುದು, ಕಾದಂಬರಿ ಆದ್ರೆ ಸರಿ, ಸಣ್ಣ ಕಥೆಯಲ್ಲಿ ಜಾಗ ಸಾಲಲ್ಲ.

ದೂರದ ದಿನಾಂಕ ಆರಿಸಿದ್ರೆ

ಅಂತರ ಎಷ್ಟಿರ್ಬೇಕು ಅನ್ನೋದು ಕಥೆಯ ಗಾತ್ರವನ್ನೇ ಬದಲಾಯಿಸತ್ತೆ. ವಾರಗಳ ಅಂತರ ಇದ್ರೆ ಮುಜುಗರದ ಕಥೆ, ವರ್ಷಗಳ ಅಂತರ ಇದ್ರೆ ಸಂಬಂಧದ ಕಥೆ, ದಶಕಗಳ ಅಂತರ ಇದ್ರೆ ಅದು ಉಳಿಯೋದರ ಕಥೆ. ಕೊನೇದಕ್ಕೆ ಹೋಗೋ ಆಸೆ ಇದ್ರೆ, ಅದೇ ಬರೆದವಳು ಐದನೇ ಪೋಸ್ಟ್ ಒಂದನ್ನ 2061ಕ್ಕೆ, ಹ್ಯಾಲಿ ಧೂಮಕೇತುವಿಗೆ ಶೆಡ್ಯೂಲ್ ಮಾಡಿದಾಳೆ ಅಂತಿಟ್ಕೊಳ್ಳಿ. ತಮಾಷೆಗೆ ಮಾಡಿರ್ತಾಳೆ. ಆದ್ರೆ ಅದು ಬರ್ಬೇಕಾದ್ರೆ ಸೈಟ್ ಉಳೀಬೇಕು. ಡಾಟ್ ಕಾಮ್ ಥರದ ಡೊಮೇನ್ ಹೆಸರನ್ನ, ಅಂದ್ರೆ ಸೈಟಿನ ವಿಳಾಸವನ್ನ, ಒಂದ್ಸಲಕ್ಕೆ ಹೆಚ್ಚಂದ್ರೆ 10 ವರ್ಷಕ್ಕೆ ಮಾತ್ರ ತಗೋಬಹುದು, ಆಮೇಲೆ ಯಾರೋ ಮತ್ತೆ ದುಡ್ಡು ಕಟ್ಬೇಕು. ಸರ್ವರ್‌ಗೂ ಕಟ್ಬೇಕು. ಯಾರು ಕಟ್ತಾರೆ? ಆ ಪ್ರಶ್ನೆಗೆ ಉತ್ತರ ಒಂದು ಪಾತ್ರ. ಏನೂ ಬರೆಯದ, ಏನೂ ಹೇಳದ, ವರ್ಷ ವರ್ಷ ಸುಮ್ನೆ ದುಡ್ಡು ಕಟ್ಟೋ ಒಬ್ಬ ವ್ಯಕ್ತಿ. ಇಬ್ಬರಲ್ಲಿ ಒಬ್ಬಳೇ ಕಟ್ತಿದಾಳೆ, ಇನ್ನೊಬ್ಬಳಿಗೆ ಗೊತ್ತಿಲ್ಲ, ಹೀಗೆ ಮಾಡಿದ್ರೆ ಜಗಳ ಮುಗಿದಿದೆಯೋ ಇಲ್ವೋ ಅಂತ ಬೇರೆ ಹೇಳ್ಬೇಕಾಗೇ ಇಲ್ಲ.

ಬೇರೆಯವರ ಸೈಟ್ ನಂಬ್ಕೊಂಡ್ರೆ ಅದು ಮುಚ್ಚಬಹುದು, ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ. ಪೋಸ್ಟ್ ಬರೋ ದಿನಕ್ಕಿಂತ ಮುಂಚೆ ಸೈಟ್ ಮುಚ್ತೀವಿ ಅಂತ ನೋಟಿಸ್ ಬಂದ್ರೆ ಏನಾಗತ್ತೆ ಅನ್ನೋದೂ ಒಂದು ಒಳ್ಳೆ ತಿರುವು, ಆಗ ಯಾರಾದ್ರೂ ಒಳಗೆ ಹೋಗಿ ಎಲ್ಲ ಡೌನ್‌ಲೋಡ್ ಮಾಡ್ಬೇಕು, ಹೊರಗೆ ಬರದ ಪೋಸ್ಟ್‌ಗಳು ಆಗ ಕಣ್ಣಿಗೆ ಬೀಳತ್ವೆ. ಕಾಯೋದನ್ನೇ ಕಲೆ ಮಾಡಿದ ಒಂದು ನಿಜವಾದ ಯೋಜನೆ ನಾರ್ವೆಯಲ್ಲಿದೆ, 2014ರಲ್ಲಿ ಶುರುವಾದ ಫ್ಯೂಚರ್ ಲೈಬ್ರರಿ, ವರ್ಷಕ್ಕೊಬ್ಬ ಲೇಖಕರು ಒಂದು ಹಸ್ತಪ್ರತಿ ಕೊಡ್ತಾರೆ, ಯಾವುದನ್ನೂ 2114ರ ತನಕ ಪ್ರಕಟಿಸಲ್ಲ, ಅದಕ್ಕೆ ಬೇಕಾದ ಕಾಗದಕ್ಕೆ ಓಸ್ಲೋ ಹತ್ರದ ಕಾಡಲ್ಲಿ 1,000 ಮರ ನೆಟ್ಟಿದಾರೆ. ತಾನು ನೋಡದ ಓದುಗರಿಗೆ ಬರೆಯೋದು ಅಂದ್ರೆ ಹೇಗಿರತ್ತೆ ಅಂತ ನಿಮ್ಮ ಪಾತ್ರಕ್ಕೆ ಯೋಚನೆ ಬರ್ಬೇಕಿದ್ರೆ ಇಂಥದ್ದನ್ನ ನೆನೆಸ್ಕೊಳ್ಳಿ, ಕಥೆಯೊಳಗೆ ತರಲೇಬೇಕು ಅಂತಿಲ್ಲ.

ಕೆಟ್ಟುಹೋಗೋ ಗಡಿಯಾರಗಳು

ಟೈಮ್ ಲೆಕ್ಕ ತಪ್ಪೋ ಕೆಲವು ನಿಜವಾದ ಸಂದರ್ಭಗಳಿದಾವೆ, ಯಾವುದಾದ್ರೂ ಒಂದನ್ನ ಮಾತ್ರ ತಗೊಳ್ಳಿ, ಎರಡು ತಗೊಂಡ್ರೆ ಕಾಕತಾಳೀಯ ಜಾಸ್ತಿ ಆಗಿ ಓದುಗರು ನಂಬಲ್ಲ.

ಸಮೋವಾ ದೇಶಕ್ಕೆ 2011ರ ಡಿಸೆಂಬರ್ 30 ಅನ್ನೋ ದಿನವೇ ಇರ್ಲಿಲ್ಲ, ಅಂತರರಾಷ್ಟ್ರೀಯ ದಿನರೇಖೆಯ ಆಚೆ ಬದಿಗೆ ಹೋಗೋಕೆ ಅಂತ 29ರಿಂದ ನೇರ 31ಕ್ಕೆ ಹೋದ್ರು. ಆ ದಿನಕ್ಕೆ ಅಂತ ಯಾರಾದ್ರೂ ಅಲ್ಲಿ ಕೂತು ಹುಟ್ಟುಹಬ್ಬದ ಪೋಸ್ಟ್ ಬರೆದಿಟ್ಟಿದ್ರೆ? ಇದೊಂದನ್ನೇ ಇಟ್ಕೊಂಡು ಬೇರೆ ಕಥೆನೇ ಬರೀಬಹುದು. ಹಾಗೇ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸೋ ದೇಶಗಳಲ್ಲಿ ವರ್ಷಕ್ಕೊಮ್ಮೆ ರಾತ್ರಿ ಒಂದು ಗಂಟೆ ಮಾಯ ಆಗತ್ತೆ, ಮತ್ತೊಮ್ಮೆ ಅದೇ ಗಂಟೆ ಎರಡು ಸಲ ಬರತ್ತೆ. ಇನ್ನು 2038ರ ಜನವರಿ 19, ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ ಪ್ರಕಾರ 3 ಗಂಟೆ 14 ನಿಮಿಷ 7 ಸೆಕೆಂಡ್, ಹಳೇ 32 ಬಿಟ್ ಲೆಕ್ಕದಲ್ಲಿ ಸಮಯ ಎಣಿಸೋ ಕಂಪ್ಯೂಟರ್‌ಗಳಿಗೆ ಅಲ್ಲಿಗೆ ಎಣಿಕೆ ಮುಗಿಯತ್ತೆ, ಮುಂದಿನ ಸೆಕೆಂಡ್‌ಗೆ ಅವು 1901ರ ಡಿಸೆಂಬರ್‌ಗೆ ಹೋಗಿಬಿಡತ್ವೆ. ಹೊಸ ಮೆಷಿನ್‌ಗಳಿಗೆ ಈ ತೊಂದರೆ ಇಲ್ಲ, ಆದ್ರೆ ಯಾರೂ ಮುಟ್ಟದೆ ಬಿಟ್ಟ ಹಳೇ ಸರ್ವರ್ ಒಂದರಲ್ಲಿ 2061ರ ಪೋಸ್ಟ್ ಕಾಯ್ತಾ ಇದ್ರೆ ಇದನ್ನ ಯೋಚಿಸ್ಲೇಬೇಕು.

ಸಣ್ಣ ಮಟ್ಟದಲ್ಲಿ ಸಾಕು ಅಂದ್ರೆ ಟೈಮ್ ಝೋನ್ ಇದೆ. ಹೊಸದಾಗಿ ಹಾಕಿದ ವರ್ಡ್‌ಪ್ರೆಸ್ ಹೆಚ್ಚಾಗಿ ಯುಟಿಸಿಯಲ್ಲಿರತ್ತೆ, ಬದಲಾಯಿಸದೇ ಬಿಟ್ರೆ ಪೋಸ್ಟ್ ಬರೆದವರ ಗಡಿಯಾರಕ್ಕಿಂತ ಗಂಟೆಗಟ್ಟಲೆ ಆಚೀಚೆ ಬರತ್ತೆ. ಗ್ರಹಣ ಮುಗಿದ್ಮೇಲೆ "ಇನ್ನೇನು ಶುರುವಾಗತ್ತೆ, ತಲೆ ಎತ್ತಿ ನೋಡಿ!" ಅಂತ ಪೋಸ್ಟ್ ಬರೋದು.

ಕೊನೇ ಪೋಸ್ಟ್

ಸಾಲಲ್ಲಿರೋ ಕೊನೇ ಪೋಸ್ಟನ್ನ ಕಥೆಯ ಕೊನೆಗೆ ಇಡೋ ಆಸೆ ಆಗತ್ತೆ, ಇಡಬಹುದು, ಆದ್ರೆ ಒಂದು ಷರತ್ತು. ಬರೆದವಳಿಗೆ ಅದು ಕೊನೇದು ಅಂತ ಗೊತ್ತಿರಬಾರದು. ಅವಳು ನಾಲ್ಕು ಬರೆದು ಸುಸ್ತಾಗಿ ಉಳಿದದ್ದು ಮುಂದಿನ ವಾರ ಬರೆದ್ರಾಯ್ತು ಅಂತ ಎದ್ದುಹೋಗಿರ್ತಾಳೆ. ಹಾಗಾಗಿ ಅಪೋಫಿಸ್ ಪೋಸ್ಟ್ ಅರ್ಧಂಬರ್ಧ ಇರ್ಲಿ, ಅದರಲ್ಲಿ ವಿದಾಯ ಇರಬಾರದು, ಬೇಕಿದ್ರೆ "ಇದರ ಬಗ್ಗೆ ವಿವರವಾಗಿ ಆಮೇಲೆ ಸೇರಿಸ್ತೀನಿ" ಅಂತ ತನಗೇ ಬರ್ಕೊಂಡ ನೋಟ್ ಒಂದು ತಪ್ಪಿ ಉಳಿದುಹೋಗಿರ್ಲಿ. ಓದೋಳಿಗೆ ಎಲ್ಲ ಅರ್ಥ ಆಗೋಕೆ ಆ ನೋಟ್ ಸಾಕು, ನಂಬರ್ ಹುಡುಕೋದೂ ಬೇಡ. ಇವತ್ತು ಬರೆದವರು ಹೀಗೆ ನೋಟ್ ಬಿಡಲ್ಲ.

ಗೊತ್ತಾದ್ಮೇಲೆ ಅವಳು ಏನು ಮಾಡ್ತಾಳೆ ಅನ್ನೋದು ನಿಮಗೆ ಬಿಟ್ಟದ್ದು, ಆದ್ರೆ ಅವಳು ಏನಾದ್ರೂ ಮಾಡ್ಲೇಬೇಕು, ಬರೀ ಅತ್ತು ಕೂರೋದು ಆಗ್ಬಾರದು. ಎಲ್ಲ ಪೋಸ್ಟ್ ಮತ್ತೆ ಮೊದಲಿಂದ ಓದ್ತಾಳೆ ಅಂತ ಮಾಡಿದ್ರೆ ಕಥೆ ಓದೋರೂ ಹಿಂದಕ್ಕೆ ಹೋಗಿ ಓದ್ತಾರೆ, ಈ ಸಲ ಟ್ರೈಪಾಡ್ ಸಾಲು ಬೇರೆ ಥರ ಕೇಳಿಸತ್ತೆ. ಟ್ರೈಪಾಡ್ ವಾಪಸ್ ಕೊಡೋಕೆ ಹೋಗ್ತಾಳಾ, ಹೋದ್ರೆ ಸ್ಕ್ರೂ ಇದೆಯಾ? ಇಂಥ ಸಣ್ಣ ವಸ್ತುವಿನ ಮೇಲೆ ಕಥೆ ನಿಲ್ಸಿ, ರಾಜಿ ಆಯ್ತೋ ಇಲ್ವೋ ಅಂತ ಬಾಯಿಬಿಟ್ಟು ಹೇಳೋ ಅಗತ್ಯ ಇಲ್ಲ.

ನಿಮ್ಮ ಮೇಲೇ ಪ್ರಯೋಗ ಮಾಡಿ

ಬರೆಯೋಕೆ ಕೂತು ದನಿ ಸಿಗ್ತಿಲ್ಲ ಅಂದ್ರೆ ಹೀಗೆ ಮಾಡಿ. ಪಾತ್ರದ ದನಿಯಲ್ಲಿ ನಾಲ್ಕೈದು ಪತ್ರ ಬರೆದು ನಿಮ್ಮದೇ ಇಮೇಲ್‌ಗೆ ಶೆಡ್ಯೂಲ್ ಮಾಡಿ, ಜಿಮೇಲ್‌ನಲ್ಲಿ ಈ ಸೌಲಭ್ಯ 2019ರ ಏಪ್ರಿಲ್‌ನಿಂದ ಇದೆ, ಬೇರೆ ಕಡೆನೂ ಇದೆ. ಒಂದನ್ನ ಮುಂದಿನ ವಾರಕ್ಕೆ, ಒಂದನ್ನ ಮುಂದಿನ ತಿಂಗಳಿಗೆ, ಒಂದನ್ನ ಆರು ತಿಂಗಳಿಗೆ ಇಡಿ. ಕಾಪಿ ಎಲ್ಲೂ ಇಟ್ಕೋಬೇಡಿ, ಶೆಡ್ಯೂಲ್ ಆದ ಮೇಲ್‌ಗಳ ಫೋಲ್ಡರ್ ತೆಗೆದು ನೋಡ್ಬೇಡಿ. ಆಮೇಲೆ ಬೇರೆ ಕೆಲಸ ಮಾಡ್ಕೊಂಡಿರಿ. ಮೇಲ್ ಬಂದ ದಿನ, ಬಂದ ಹೊತ್ತಿಗೇ, ನೀವು ಎಲ್ಲಿದ್ರೂ ಸರಿ, ಬಸ್ಸಲ್ಲಿದ್ರೂ ಸರಿ, ಓದಿ ಹತ್ತು ನಿಮಿಷದೊಳಗೆ ಓದೋಳ ಕಡೆಯಿಂದ ಒಂದು ಪ್ಯಾರಾ ಬರೀರಿ. ಆ ಹೊತ್ತಲ್ಲಿ ನಿಮ್ಮ ತಲೇಲಿರೋ ಬೇರೆ ತಾಪತ್ರಯಗಳೆಲ್ಲ ಆ ಪ್ಯಾರಾದೊಳಗೆ ಬಂದುಬಿಡತ್ವೆ, ಬರ್ಲಿ ಬಿಡಿ, ಓದೋಳಿಗೂ ಹಾಗೇ ಆಗಿರತ್ತಲ್ಲ, ಅವಳೇನು ಕೈಕಟ್ಟಿ ಆ ಪೋಸ್ಟ್‌ಗೆ ಅಂತಲೇ ಕಾಯ್ತಾ ಕೂತಿರಲ್ಲ.

ಆರು ತಿಂಗಳಿನದ್ದು ಬರೋ ತನಕ ಕಥೆ ಮುಗಿಸೋಕೆ ಹೋಗ್ಬೇಡಿ. ಅದು ಬಂದಾಗ ನೀವು ಬರೆದಿದ್ದೇ ನಿಮಗೆ ಅಪರಿಚಿತರು ಬರೆದ ಹಾಗೆ ಅನ್ಸಿದ್ರೆ ಆ ಸಾಲುಗಳನ್ನ ಹಾಗೇ ಕಥೆಗೆ ತಗೊಳ್ಳಿ. ಬರೆದದ್ದು ಪೂರ್ತಿ ನೆನಪಿದ್ರೆ ಇನ್ನೂ ದೂರದ ದಿನಾಂಕ ಕೊಟ್ಟು ಮತ್ತೊಂದು ಹಾಕಿಡಿ.